ಪ್ಯಾಕೆಟ್ ಕೊನೆಯದಾಗಿ ಎಲ್ಲಿ ಕಂಡಿತು? ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಡ್ರೈವರ್ ಕ್ರ್ಯಾಶ್ ಮತ್ತು ಪ್ಯಾಕೆಟ್ ನಷ್ಟ ಪತ್ತೆ ಹಚ್ಚುವ ಕೈಪಿಡಿ

ನೆಟ್‌ವರ್ಕ್ ಕೈಕೊಟ್ಟಾಗ ಬರುವ ದೂರು ಯಾವಾಗಲೂ ಒಂದೇ: ‘ನೆಟ್ ಬರ್ತಿಲ್ಲ’, ಇಲ್ಲಾಂದ್ರೆ ‘ನೆಟ್ ತುಂಬಾ ನಿಧಾನ’. ಆದರೆ ಒಳಗಿನ ಕಾಯಿಲೆ ಬೇರೆ ಬೇರೆ ಇರಬಹುದು. ಕೇಬಲ್‌ನ ಒಂದು ಜೋಡಿ ತಂತಿ ಸಡಿಲವಾಗಿರಬಹುದು. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಮುಗ್ಗರಿಸಿರಬಹುದು. ಫೈರ್‌ವಾಲ್ ಪ್ಯಾಕೆಟ್ ನುಂಗಿರಬಹುದು. ಪ್ಯಾಕೆಟ್ ಕ್ಷೇಮವಾಗಿ ಒಳಗೆ ಬಂದು, ಅದನ್ನು ಓದಲು ಅಪ್ಲಿಕೇಶನ್‌ಗೆ ಪುರುಸೊತ್ತಿಲ್ಲದೆ ಬಿದ್ದುಹೋಗಿರಲೂಬಹುದು. ಹೊರಗಿನಿಂದ ನೋಡುವವರಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ.

ಹಾಗಾಗಿ ‘ಯಾಕೆ ಹೋಯಿತು’ ಅಂತ ಶುರು ಮಾಡಿದರೆ ಊಹೆಯಲ್ಲೇ ದಿನ ಕಳೆಯುತ್ತದೆ. ‘ಕೊನೆಯದಾಗಿ ಎಲ್ಲಿ ಕಂಡಿತು’ ಅಂತ ಕೇಳಿ. ಇದಕ್ಕೆ ಉತ್ತರ ಸಿಗುತ್ತದೆ, ಏಕೆಂದರೆ ತಂತಿಯಿಂದ ಅಪ್ಲಿಕೇಶನ್‌ವರೆಗಿನ ದಾರಿಯಲ್ಲಿ ಹೆಚ್ಚುಕಮ್ಮಿ ಪ್ರತಿ ಹಂತದಲ್ಲೂ ಒಂದು ಕೌಂಟರ್ ಇದೆ. ಅದನ್ನು ನೋಡದೆ ಡ್ರೈವರ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೆಳಗೆ ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಆಯ್ಕೆಯ ಅಕ್ಷರ ಬಂದಾಗ ಅದು ದೊಡ್ಡದೋ ಚಿಕ್ಕದೋ ಅಂತಲೂ ಹೇಳಿದ್ದೇನೆ. ಕಾರ್ಡಿನ ಸ್ಥಿತಿ ನೋಡುವ, ಬದಲಾಯಿಸುವ ಇಥ್‌ಟೂಲ್‌ನಲ್ಲಿ ಇದು ಮುಖ್ಯ: ಚಿಕ್ಕ ‘ಜಿ’ ರಿಂಗ್‌ನ (ಫ್ರೇಮ್‌ಗಳು ಕಾಯುವ ಮೆಮೊರಿ ಜಾಗದ) ಗಾತ್ರವನ್ನು ತೋರಿಸುತ್ತದೆ, ದೊಡ್ಡ ‘ಜಿ’ ಅದನ್ನು ಬದಲಾಯಿಸುತ್ತದೆ. ಓಡುತ್ತಿರುವ ಸರ್ವರ್ ಮೇಲೆ ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ರೀಬೂಟ್ ಮಾಡುವ ಮುಂಚೆ

ಮೆಷಿನ್ ಇನ್ನೂ ಉಸಿರಾಡುತ್ತಿದ್ದರೆ ರೀಬೂಟ್ ಮಾಡಬೇಡಿ. ಡ್ರೈವರನ್ನು ತೆಗೆದು ಮತ್ತೆ ಹಾಕಲೂ ಹೋಗಬೇಡಿ. ಯಾವುದನ್ನು ಮಾಡಿದರೂ ಕಾರ್ಡಿನ ಕೌಂಟರ್‌ಗಳು ಸಾಮಾನ್ಯವಾಗಿ ಸೊನ್ನೆಗೆ ಬರುತ್ತವೆ. ಸಮಸ್ಯೆ ತಾತ್ಕಾಲಿಕವಾಗಿ ಮಾಯವಾಗುತ್ತದೆ, ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ಮುಂದಿನ ಸಲ ಅದೇ ತೊಂದರೆ ಬರುವವರೆಗೂ ಸುಮ್ನೆ ಕಾಯಬೇಕಾಗುತ್ತದೆ.

ಮೊದಲು ಇವನ್ನೆಲ್ಲ ಒಂದು ಫೈಲ್‌ಗೆ ಇಳಿಸಿಕೊಳ್ಳಿ: ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನ ಪೂರ್ತಿ ಔಟ್‌ಪುಟ್, ಇಥ್‌ಟೂಲ್ ದೊಡ್ಡ ‘ಎಸ್’ ಕೊಡುವ ಕಾರ್ಡಿನ ಅಂಕಿಅಂಶ, ‘ಐಪಿ’ ಕಮಾಂಡಿಗೆ ಚಿಕ್ಕ ‘ಎಸ್’ ಎರಡು ಸಲ ಕೊಟ್ಟು ತೆಗೆದ ಲಿಂಕ್ ವಿವರ, ಪ್ರಾಕ್ ಅಡಿಯ ‘ಇಂಟರಪ್ಟ್ಸ್’ ಫೈಲ್, ಪ್ರಾಕ್ ನೆಟ್ ಅಡಿಯ ‘ಸಾಫ್ಟ್‌ನೆಟ್ ಸ್ಟ್ಯಾಟ್’ ಫೈಲ್, ಪಿಸಿಐ ಕಾರ್ಡ್‌ಗಳನ್ನು ತೋರಿಸುವ ಎಲ್‌ಎಸ್‌ಪಿಸಿಐನ ವಿವರವಾದ ಪಟ್ಟಿ. ಡ್ರೈವರ್ ಮತ್ತು ಫರ್ಮ್‌ವೇರ್ ಆವೃತ್ತಿ ಬೇಕಾದರೆ ಇಥ್‌ಟೂಲ್ ಚಿಕ್ಕ ‘ಐ’. ಕರ್ನಲ್ ಆವೃತ್ತಿಗೆ ‘ಯುನೇಮ್’ ಇದ್ದೇ ಇದೆ.

ಕೌಂಟರ್‌ಗಳನ್ನು ಒಂದು ಸಲ ತೆಗೆದುಕೊಂಡರೆ ಸಾಲದು. ‘40 ಸಾವಿರ ಡ್ರಾಪ್ ಇದೆ’ ಅನ್ನುವ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಅದು ಆರು ತಿಂಗಳಲ್ಲಿ ಸೇರಿದ್ದೋ, ಈಗ ಒಂದು ನಿಮಿಷದಲ್ಲಿ ಆಗಿದ್ದೋ? ತೊಂದರೆ ನಡೆಯುತ್ತಿರುವಾಗಲೇ ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ತೆಗೆದು, ವ್ಯತ್ಯಾಸ ನೋಡಿ. ಯಾವ ಸಾಲು ಬೆಳೆಯುತ್ತಿದೆಯೋ ಅದೇ ನಿಮ್ಮ ಸುಳಿವು.

ಮೆಷಿನ್ ಆಗಲೇ ರೀಬೂಟ್ ಆಗಿದ್ದರೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟ್‌ನ ಕರ್ನಲ್ ಲಾಗ್ ಕೇಳಿ: ಚಿಕ್ಕ ‘ಕೆ’, ಜೊತೆಗೆ ಚಿಕ್ಕ ‘ಬಿ’ಗೆ ಮೈನಸ್ 1. ಇದು ಸಿಗಬೇಕಾದರೆ ಜರ್ನಲ್ ಡಿಸ್ಕ್ ಮೇಲೆ ಉಳಿಯುವಂತೆ ಸೆಟ್ ಆಗಿರಬೇಕು. ಬರೀ ಮೆಮೊರಿಯಲ್ಲಿದ್ದರೆ ಹೋಯಿತು ಅಂತಲೇ ಲೆಕ್ಕ. ‘ವಾರ್ ಲಾಗ್’ ಅಡಿಯಲ್ಲಿ ‘ಜರ್ನಲ್’ ಅನ್ನುವ ಡೈರೆಕ್ಟರಿ ಇದೆಯಾ ಅಂತ ಇವತ್ತೇ ನೋಡಿಡಿ.

ಕ್ರ್ಯಾಶ್ ಅಂದರೆ ಯಾವ ಕ್ರ್ಯಾಶ್?

‘ಡ್ರೈವರ್ ಕ್ರ್ಯಾಶ್ ಆಯ್ತು’ ಅಂತ ಹೇಳುವವರಲ್ಲಿ ಜಾಸ್ತಿ ಜನ ನೋಡಿರುವುದು ನಿಜವಾದ ಕ್ರ್ಯಾಶ್ ಅಲ್ಲ, ವಾಚ್‌ಡಾಗ್, ಅಂದರೆ ಕರ್ನಲ್‌ನ ಕಾವಲು ಟೈಮರ್ ಕೊಟ್ಟ ಎಚ್ಚರಿಕೆ. ಲಾಗ್‌ನಲ್ಲಿ ಈ ಥರ ಕಾಣುತ್ತದೆ: ‘ನೆಟ್‌ಡೆವ್ ವಾಚ್‌ಡಾಗ್, ಇಥ್ 0, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’. ಹಲವು ಕರ್ನಲ್‌ಗಳಲ್ಲಿ ಇದರ ಕೆಳಗೆ ಉದ್ದನೆಯ ಕಾಲ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನುವ ಪಟ್ಟಿ) ಕೂಡ ಬರುತ್ತದೆ. ಅದನ್ನು ನೋಡಿದ ತಕ್ಷಣ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ನಿಜವಾಗಿ ನಡೆದಿದ್ದು ಇಷ್ಟು. ಕರ್ನಲ್ ಕಳಿಸಬೇಕಾದ ಫ್ರೇಮ್‌ಗಳನ್ನು ಕಾರ್ಡಿನ ಕಳಿಸುವ ರಿಂಗ್‌ಗೆ ಹಾಕಿದೆ. ‘ಕಳಿಸಿದೆ’ ಅಂತ ಕಾರ್ಡಿನಿಂದ ಉತ್ತರ ಬರಬೇಕು. ಉತ್ತರ ಬಂದಿಲ್ಲ, ರಿಂಗ್ ತುಂಬಿ ಕ್ಯೂ ನಿಂತಿದೆ. ಡ್ರೈವರ್ ಬೇರೆ ಅವಧಿ ಹೇಳದಿದ್ದರೆ 5 ಸೆಕೆಂಡ್ ಆದ ಮೇಲೆ ವಾಚ್‌ಡಾಗ್ ಕೂಗುತ್ತದೆ, ಡ್ರೈವರ್ ಕಾರ್ಡನ್ನು ರೀಸೆಟ್ ಮಾಡುತ್ತದೆ. ಟ್ರೇಸ್‌ನಲ್ಲಿ ಕಾಣುವ ‘ಡೆವ್ ವಾಚ್‌ಡಾಗ್’ ಫಂಕ್ಷನ್ ದೂರು ಹೇಳಿದ್ದು ಅಷ್ಟೇ, ತಪ್ಪು ಅದರದ್ದಲ್ಲ. ಆ ಫಂಕ್ಷನ್‌ನ ಹೆಸರು ಹಿಡಿದು ಹುಡುಕಿದರೆ ನೂರಾರು ಬೇರೆ ಬೇರೆ ಕಾರ್ಡ್‌ಗಳ ಸಮಸ್ಯೆ ಸಿಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರುವುದಿಲ್ಲ. ಹುಡುಕುವಾಗ ನಿಮ್ಮ ಡ್ರೈವರ್ ಹೆಸರನ್ನು ಸೇರಿಸಿ, ಆ ಟ್ರೇಸ್‌ನ ಆಚೀಚೆ ಡ್ರೈವರ್ ತಾನೇ ಬರೆದ ಸಾಲುಗಳನ್ನು ಹಿಡಿದುಕೊಳ್ಳಿ. ಉದಾಹರಣೆಗೆ ‘ಇ1000ಇ’ ಡ್ರೈವರ್ ಆದರೆ ‘ಡಿಟೆಕ್ಟೆಡ್ ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್’ ಅಂತ ಬರೆದು ಕೆಳಗೆ ರಿಂಗ್‌ನ ಸ್ಥಿತಿಯನ್ನೂ ಸುರಿಯುತ್ತದೆ. ಬೆಲೆಬಾಳುವ ಮಾಹಿತಿ ಅದು.

ಇಲ್ಲೊಂದು ಎಚ್ಚರ. ಹಲವು ಕರ್ನಲ್‌ಗಳಲ್ಲಿ ಈ ದೊಡ್ಡ ಟ್ರೇಸ್ ಒಂದು ಬೂಟ್‌ಗೆ ಒಂದೇ ಸಲ ಬರುತ್ತದೆ. ಆಮೇಲೆ ನೂರು ಸಲ ಟೈಮ್ ಔಟ್ ಆದರೂ ಆ ಟ್ರೇಸ್ ಮತ್ತೆ ಕಾಣುವುದಿಲ್ಲ. ನಿಜವಾದ ಲೆಕ್ಕ ‘ಸಿಸ್’ ಅಡಿಯಲ್ಲಿ ಇಂಟರ್‌ಫೇಸ್‌ನ ‘ಕ್ಯೂಸ್’ ಡೈರೆಕ್ಟರಿಯಲ್ಲಿದೆ. ಕಳಿಸುವ ಪ್ರತಿ ಕ್ಯೂಗೂ ‘ಟಿಎಕ್ಸ್ ಟೈಮ್‌ಔಟ್’ ಅನ್ನುವ ಒಂದು ಪುಟ್ಟ ಫೈಲ್ ಇರುತ್ತದೆ. ಜೊತೆಗೆ ಇಂಟರ್‌ಫೇಸ್‌ನ ‘ಕ್ಯಾರಿಯರ್ ಚೇಂಜಸ್’ ಫೈಲನ್ನೂ ನೋಡಿ. ಲಿಂಕ್ ಎಷ್ಟು ಸಲ ಬಿದ್ದು ಎದ್ದಿದೆ ಅಂತ ಅದರಲ್ಲಿರುತ್ತದೆ.

ಕಾರ್ಡ್ ಯಾಕೆ ಉತ್ತರ ಕೊಡಲಿಲ್ಲ? ನಾನು ಮೊದಲು ನೋಡುವುದು ಪಾಸ್ (ತಾತ್ಕಾಲಿಕ ತಡೆಯ) ಫ್ರೇಮ್‌ಗಳನ್ನು. ಫ್ಲೋ ಕಂಟ್ರೋಲ್ ಆನ್ ಇದ್ದರೆ ಎದುರಿನ ಸ್ವಿಚ್ ‘ಸ್ವಲ್ಪ ನಿಲ್ಲು’ ಅಂತ ಪಾಸ್ ಫ್ರೇಮ್ ಕಳಿಸಬಹುದು. ಸ್ವಿಚ್ ಕೆಟ್ಟಿದ್ದರೆ ಅಥವಾ ಅದರ ಇನ್ನೊಂದು ಪೋರ್ಟ್ ಕಟ್ಟಿಕೊಂಡಿದ್ದರೆ ಆ ‘ನಿಲ್ಲು’ ಮುಗಿಯುವುದೇ ಇಲ್ಲ. ನಿಮ್ಮ ಕಾರ್ಡ್ ಪಾಪ, ಹೇಳಿದ ಮಾತು ಕೇಳಿ ನಿಂತಿದೆ. ವಾಚ್‌ಡಾಗ್ ಬಂದು ಅದಕ್ಕೇ ರೀಸೆಟ್ ಹೊಡೆಯುತ್ತದೆ. ಇಥ್‌ಟೂಲ್ ಅಂಕಿಅಂಶದಲ್ಲಿ ‘ಪಾಸ್’ ಅಥವಾ ‘ಎಕ್ಸ್‌ಆಫ್’ ಅಂತ ಹೆಸರಿರುವ ಸ್ವೀಕಾರದ ಕೌಂಟರ್ ಸರಸರ ಏರುತ್ತಿದ್ದರೆ ಡ್ರೈವರ್ ಕಡೆ ಹೋಗಲೇಬೇಡಿ, ಸ್ವಿಚ್ ಕಡೆ ನಡೆಯಿರಿ. ಒಂದೇ ಸ್ವಿಚ್‌ಗೆ ಸೇರಿದ ಹಲವು ಮೆಷಿನ್‌ಗಳು ಒಂದೇ ಹೊತ್ತಿಗೆ ಟೈಮ್ ಔಟ್ ಕೊಟ್ಟರೂ ಅನುಮಾನ ಅಲ್ಲಿಗೇ ಹೋಗಬೇಕು.

ಎರಡನೆಯದು ಇಂಟರಪ್ಟ್, ಅಂದರೆ ಕಾರ್ಡ್ ಸಿಪಿಯುಗೆ ಕೊಡುವ ‘ಇಲ್ಲಿ ನೋಡು’ ಅನ್ನುವ ಸಂಕೇತ. ‘ಇಂಟರಪ್ಟ್ಸ್’ ಫೈಲ್‌ನಲ್ಲಿ ಕಾರ್ಡಿನ ಸಾಲು ಹುಡುಕಿ, ಟ್ರಾಫಿಕ್ ಇರುವಾಗ ಸಂಖ್ಯೆ ಏರುತ್ತಿದೆಯಾ ನೋಡಿ. ಏರದಿದ್ದರೆ ಕಾರ್ಡ್ ಕೆಲಸ ಮುಗಿಸಿದರೂ ಕರ್ನಲ್‌ಗೆ ಸುದ್ದಿ ಮುಟ್ಟುತ್ತಿಲ್ಲ.

ಆಮೇಲೆ ವಿದ್ಯುತ್ ಉಳಿಸುವ ತಂತ್ರಗಳು. ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಖಾಲಿ ಇದ್ದಾಗ ಮಲಗಿಸುವ ಎಎಸ್‌ಪಿಎಂ, ಈಥರ್ನೆಟ್ ಲಿಂಕನ್ನೇ ಮಲಗಿಸುವ ಇಇಇ. ಮದರ್‌ಬೋರ್ಡ್, ಕಾರ್ಡ್, ಡ್ರೈವರ್ ಮೂರರ ಹೊಂದಾಣಿಕೆ ಸರಿ ಇಲ್ಲದಿದ್ದರೆ ಮಲಗಿದ ಲಿಂಕ್ ಸರಿಯಾಗಿ ಏಳುವುದಿಲ್ಲ. ಲೋಡ್ ಇಲ್ಲದ ರಾತ್ರಿ ಹೊತ್ತಲ್ಲೇ ಕಾರ್ಡ್ ಕೈಕೊಡುತ್ತಿದ್ದರೆ ಇದನ್ನು ಬಲವಾಗಿ ಅನುಮಾನಿಸಿ. ಕರ್ನಲ್ ಬೂಟ್ ಸಾಲಿಗೆ ಎಎಸ್‌ಪಿಎಂ ಆಫ್ ಮಾಡುವ ಆಯ್ಕೆ ಸೇರಿಸಿ ಒಮ್ಮೆ ನೋಡಬಹುದು. ಇಇಇ ಆಫ್ ಮಾಡಲು ಇಥ್‌ಟೂಲ್ ಸಾಕು. ಭಾರೀ ಲೋಡ್‌ನಲ್ಲಿ ಮಾತ್ರ ಹ್ಯಾಂಗ್ ಆಗುತ್ತಿದ್ದರೆ ಬೇರೆ ದಾರಿ: ಇಥ್‌ಟೂಲ್‌ನ ದೊಡ್ಡ ‘ಕೆ’ ಬಳಸಿ ಟಿಎಸ್‌ಒ ಆಫ್ ಮಾಡಿ. ದೊಡ್ಡ ತುಂಡನ್ನು ಚಿಕ್ಕ ಫ್ರೇಮ್‌ಗಳಾಗಿ ಕತ್ತರಿಸುವ ಕೆಲಸವನ್ನು ಕಾರ್ಡ್‌ನಿಂದ ಕಿತ್ತು ಕರ್ನಲ್‌ಗೆ ಕೊಡುವುದು ಅಂತ ಅರ್ಥ. ಸಿಪಿಯು ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಹ್ಯಾಂಗ್ ನಿಂತರೆ ಸಮಸ್ಯೆ ಎಲ್ಲಿದೆ ಅಂತ ಗೊತ್ತಾದ ಹಾಗಾಯಿತು.

ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಮೂರನ್ನೂ ಒಟ್ಟಿಗೆ ಆಫ್ ಮಾಡಿ ‘ಸರಿ ಹೋಯ್ತು’ ಅಂದರೆ ಎರಡನ್ನು ಸುಮ್ನೆ ಕಳೆದುಕೊಂಡಿದ್ದೀರಿ, ಯಾವ ಎರಡು ಅಂತಲೂ ಗೊತ್ತಿರುವುದಿಲ್ಲ.

ನಿಜವಾದ ಕ್ರ್ಯಾಶ್, ಅಂದರೆ ಕರ್ನಲ್ ‘ಊಪ್ಸ್’, ಬೇರೆಯೇ ಥರ. ಅದರಲ್ಲಿ ಮೊದಲ ಸಾಲು ಕಾರಣ ಹೇಳುತ್ತದೆ: ‘ನಲ್ ಪಾಯಿಂಟರ್ ಡಿರೆಫರೆನ್ಸ್’, ಪಕ್ಕದಲ್ಲಿ ಒಂದು ವಿಳಾಸ. ವಿಳಾಸ 8, 16, 40 ಥರದ ಚಿಕ್ಕ ಸಂಖ್ಯೆಯಾಗಿದ್ದರೆ ಸಾಮಾನ್ಯವಾಗಿ ಖಾಲಿ ಪಾಯಿಂಟರ್ ಹಿಡಿದು ಅದರ ಒಳಗಿನ ಒಂದು ಫೀಲ್ಡ್ ಓದಲು ಹೋಗಿ ಎಡವಿದೆ ಅಂತ. ನಂತರ ‘ಆರ್‌ಐಪಿ’ ಸಾಲು. ಇದು ಇಂಟೆಲ್ ಮತ್ತು ಎಎಂಡಿ ಮೆಷಿನ್‌ಗಳಲ್ಲಿ ಕಾಣುವುದು. ಯಾವ ಫಂಕ್ಷನ್‌ನಲ್ಲಿ, ಎಷ್ಟನೇ ಬೈಟ್‌ನಲ್ಲಿ ಬಿತ್ತು ಅಂತ ಅಲ್ಲಿದೆ. ಕೊನೆಗೆ ಚೌಕ ಆವರಣದಲ್ಲಿ ಮಾಡ್ಯೂಲ್‌ನ ಹೆಸರು. ಅಲ್ಲಿ ನಿಮ್ಮ ನೆಟ್‌ವರ್ಕ್ ಡ್ರೈವರ್ ಹೆಸರಿದ್ದರೆ ಸರಿ. ಇಲ್ಲದಿದ್ದರೆ ಕೆಳಗಿನ ಕಾಲ್ ಟ್ರೇಸ್‌ನಲ್ಲಿ ಅದು ಇದೆಯಾ ನೋಡಿ. ಎಲ್ಲೂ ಇಲ್ಲದಿದ್ದರೆ ನೆಟ್‌ವರ್ಕ್ ಕಾರ್ಡಿನ ಮೇಲೆ ಗೂಬೆ ಕೂರಿಸಬೇಡಿ.

ಹಲವು ಊಪ್ಸ್‌ಗಳು ಸಾಲಾಗಿ ಬಂದಿದ್ದರೆ ನಂಬಬೇಕಾದ್ದು ಮೊದಲನೆಯದನ್ನು ಮಾತ್ರ. ಉಳಿದವು ಅದರ ಪರಿಣಾಮ ಆಗಿರುವುದೇ ಜಾಸ್ತಿ. ‘ಟೇಂಟೆಡ್’ ಅಂತ ಇರುವ ಸಾಲನ್ನೂ ಓದಿ. ಅದರಲ್ಲಿ ‘ಒ’ ಅಕ್ಷರ ಇದ್ದರೆ ಕರ್ನಲ್‌ನ ಮೂಲ ಮರದಲ್ಲಿಲ್ಲದ ಹೊರಗಿನ ಮಾಡ್ಯೂಲ್ ಲೋಡ್ ಆಗಿದೆ. ‘ಪಿ’ ಇದ್ದರೆ ಮುಚ್ಚಿದ ಸೋರ್ಸ್‌ನ ಮಾಡ್ಯೂಲ್. ‘ಡಬ್ಲ್ಯು’ ಇದ್ದರೆ ಇದಕ್ಕೂ ಮುಂಚೆ ಇನ್ನೊಂದು ಎಚ್ಚರಿಕೆ ಬಂದುಹೋಗಿದೆ, ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಅದನ್ನು ಮೊದಲು ಓದಿ.

ಊಪ್ಸ್ ಆದ ಮೇಲೂ ಮೆಷಿನ್ ಓಡುತ್ತಲೇ ಇರಬಹುದು, ಆದರೆ ‘ಐಪಿ’ ಕಮಾಂಡ್ ಹೊಡೆದರೆ ಅದು ವಾಪಸ್ಸೇ ಬರುವುದಿಲ್ಲ. ಕಂಟ್ರೋಲ್ ಸಿಗೂ ಜಗ್ಗುವುದಿಲ್ಲ. ಕಾರಣ ಇದು: ನೆಟ್‌ವರ್ಕ್ ಸೆಟ್ಟಿಂಗ್‌ಗಳಿಗೆಲ್ಲ ಕರ್ನಲ್‌ನಲ್ಲಿ ‘ಆರ್‌ಟಿಎನ್‌ಎಲ್’ ಅನ್ನುವ ದೊಡ್ಡ ಲಾಕ್ ಇದೆ. ಡ್ರೈವರ್ ಅದನ್ನು ಹಿಡಿದುಕೊಂಡೇ ಸತ್ತರೆ ಆ ಲಾಕ್ ಬಿಡುವವರು ಯಾರೂ ಇಲ್ಲ. ಬೇರೆ ಕಾರ್ಡ್‌ಗಳ ಸೆಟ್ಟಿಂಗ್ ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಕರ್ನಲ್‌ಗೆ ನೇರವಾಗಿ ಆದೇಶ ಕೊಡುವ ಸಿಸ್‌ರಿಕ್ವೆಸ್ಟ್‌ನ ‘ಡಬ್ಲ್ಯು’ ಕೊಟ್ಟು ಸಿಕ್ಕಿಬಿದ್ದ ಪ್ರಾಸೆಸ್‌ಗಳ ಪಟ್ಟಿಯನ್ನು ಲಾಗ್‌ಗೆ ಇಳಿಸಿಕೊಂಡು, ರೀಬೂಟ್ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಕಾರ್ಡ್ ಬಸ್‌ನಿಂದಲೇ ಮಾಯವಾಗುವುದು ಇನ್ನೊಂದು ಬಗೆ. ಎಲ್‌ಎಸ್‌ಪಿಸಿಐನಲ್ಲಿ ಕಾರ್ಡಿನ ಸಾಲಿನ ಕೊನೆಗೆ ‘ರೆವ್ ಎಫ್‌ಎಫ್’ ಅಂತ ಬಂದರೆ, ಅಥವಾ ಡ್ರೈವರ್ ‘ಪಿಸಿಐಇ ಲಿಂಕ್ ಲಾಸ್ಟ್’ ಅಂದರೆ, ಕಾರ್ಡಿನಿಂದ ಏನು ಓದಿದರೂ ಎಲ್ಲ ಬಿಟ್‌ಗಳೂ 1 ಅಂತಲೇ ಬರುತ್ತಿದೆ ಅಂತ ಅರ್ಥ. ಅಲ್ಲಿ ಓದಲು ಕಾರ್ಡೇ ಇಲ್ಲ. ಡ್ರೈವರ್ ಬದಲಾಯಿಸಿ ಪ್ರಯೋಜನವಿಲ್ಲ. ಮೆಷಿನ್ ಆಫ್ ಮಾಡಿ ಕಾರ್ಡ್ ತೆಗೆದು ಮತ್ತೆ ಕೂರಿಸಿ, ಬೇರೆ ಸ್ಲಾಟ್ ನೋಡಿ, ಎಎಸ್‌ಪಿಎಂ ನೋಡಿ, ಕಾರ್ಡ್ ಜಾಸ್ತಿ ಬಿಸಿಯಾಗುತ್ತಿದೆಯಾ ನೋಡಿ. ಲಾಗ್‌ನಲ್ಲಿ ಮುಂಚಿನಿಂದಲೇ ‘ಎಇಆರ್’ (ಪಿಸಿಐ ಎಕ್ಸ್‌ಪ್ರೆಸ್‌ನ ದೋಷ ವರದಿ) ಹೆಸರಿನಲ್ಲಿ ‘ಕರೆಕ್ಟೆಡ್’ ದೋಷಗಳು ಬರುತ್ತಿದ್ದರೆ ಅದು ಮುನ್ಸೂಚನೆ. ಎಲ್‌ಎಸ್‌ಪಿಸಿಐ ವಿವರದಲ್ಲಿ ಲಿಂಕ್ ಸ್ಥಿತಿಯ ಪಕ್ಕ ‘ಡೌನ್‌ಗ್ರೇಡೆಡ್’ ಅಂತ ಇದ್ದರೆ, 8 ಲೇನ್ ಕಾರ್ಡ್ 4 ಲೇನ್ ಸ್ಲಾಟ್‌ನಲ್ಲಿ ಕೂತಿದೆಯೋ ಅಥವಾ ಸಂಪರ್ಕ ಕೆಟ್ಟು ಲೇನ್ ಬಿದ್ದಿದೆಯೋ ಅಂತ ನೋಡಿ.

ಇಡೀ ಮೆಷಿನ್ ಪ್ಯಾನಿಕ್ ಆಗಿ ಸ್ತಬ್ಧವಾಗುತ್ತಿದ್ದರೆ ಲಾಗ್ ಡಿಸ್ಕ್‌ಗೆ ತಲುಪುವುದೇ ಅನುಮಾನ. ಸೀರಿಯಲ್ ಕನ್ಸೋಲ್ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಇಲ್ಲದಿದ್ದರೆ ಬಿದ್ದಾಗಿನ ಮೆಮೊರಿಯನ್ನು ಉಳಿಸಿಕೊಳ್ಳುವ ಕೆಡಂಪ್, ಅಥವಾ ಕರ್ನಲ್ ಸಂದೇಶಗಳನ್ನು ಯುಡಿಪಿಯಲ್ಲಿ ಇನ್ನೊಂದು ಮೆಷಿನ್‌ಗೆ ಕಳಿಸುವ ನೆಟ್‌ಕನ್ಸೋಲ್. ಅದನ್ನು ಸಾಯುತ್ತಿರುವ ಕಾರ್ಡಿನ ಮೂಲಕವೇ ಕಳಿಸಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಬೇರೆ ಚಿಪ್‌ನ ಇನ್ನೊಂದು ಕಾರ್ಡ್ ಬಳಸಿ.

ಡ್ರೈವರ್ ಲೋಡೇ ಆಗದಿದ್ದರೆ

ಇದು ಸುಲಭದ ಕೇಸ್. ಎಲ್‌ಎಸ್‌ಪಿಸಿಐಗೆ ಚಿಕ್ಕ ‘ಎನ್’ ಎರಡು ಸಲ, ಚಿಕ್ಕ ‘ಕೆ’ ಒಂದು ಸಲ ಕೊಡಿ. ಚಿಪ್‌ನ ಗುರುತು, ಈಗ ಹಿಡಿದಿರುವ ಡ್ರೈವರ್, ಹಿಡಿಯಬಲ್ಲ ಡ್ರೈವರ್‌ಗಳು ಮೂರೂ ಬರುತ್ತವೆ. ಗುರುತು 8086ರಿಂದ ಶುರುವಾದರೆ ಅದು ಇಂಟೆಲ್. ಹಿಡಿದಿರುವ ಡ್ರೈವರ್ ಸಾಲು ಖಾಲಿ ಇದ್ದರೆ ಡಿಮೆಸೇಜ್‌ನಲ್ಲಿ ‘ಫರ್ಮ್‌ವೇರ್’ ಅಂತ ಹುಡುಕಿ. ‘ಎರರ್ ಮೈನಸ್ 2’ ಅಂದರೆ ಆ ಫೈಲ್ ಇಲ್ಲ ಅಂತ, ಅಷ್ಟೇ. ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಮುಗಿಯುತ್ತದೆ.

ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ಕಾರ್ಡ್ ಕಾಣದಿದ್ದರೆ, ಹೊರಗಿನಿಂದ ತಂದು ಕಂಪೈಲ್ ಮಾಡಿದ ಡ್ರೈವರ್ ಇತ್ತಾ ನೋಡಿ. ಅಂಥ ಡ್ರೈವರ್‌ಗಳನ್ನು ತಾನೇ ಕಂಪೈಲ್ ಮಾಡುವ ಡಿಕೆಎಂಎಸ್ ಹೊಸ ಕರ್ನಲ್‌ಗೆ ಅದನ್ನು ಕಟ್ಟಲು ಹೋಗಿ ಸೋತಿರಬಹುದು. ರಿಯಲ್‌ಟೆಕ್ ಚಿಪ್ ಇರುವವರು ಇನ್ನೊಂದನ್ನು ಗಮನಿಸಿ: ಕರ್ನಲ್ ಜೊತೆ ಬರುವ ‘ಆರ್8169’, ಹೊರಗಿನಿಂದ ಹಾಕುವ ‘ಆರ್8168’ ಎರಡೂ ಒಂದೇ ಚಿಪ್‌ಗೆ ಕೈ ಚಾಚುತ್ತವೆ. ಯಾವುದಾದರೂ ಒಂದನ್ನು ಬ್ಲಾಕ್‌ಲಿಸ್ಟ್ ಮಾಡಿ. ನನ್ನನ್ನು ಕೇಳಿದರೆ ಕರ್ನಲ್ ಜೊತೆ ಬರುವುದನ್ನು ಮೊದಲು ಪ್ರಯತ್ನಿಸಿ. ಅದರಲ್ಲಿ ದೋಷ ಸಿಕ್ಕರೆ ಹೇಳಿಕೊಳ್ಳಲು ಜಾಗವಾದರೂ ಇದೆ.

ಪ್ಯಾಕೆಟ್ ದಾರಿಯಲ್ಲಿ ನಡೆದು ನೋಡುವುದು

ಈಗ ಕ್ರ್ಯಾಶ್ ಇಲ್ಲ, ಲಿಂಕ್ ಇದೆ, ಆದರೆ ಪ್ಯಾಕೆಟ್ ಕಾಣೆಯಾಗುತ್ತಿದೆ. ತಂತಿಯಿಂದ ಶುರು ಮಾಡಿ ಒಳಗೆ ಹೋಗೋಣ.

ಮೊದಲ ಹಂತ ತಂತಿ. ‘ಸಿಆರ್‌ಸಿ’ ಹೆಸರಿನ ಕೌಂಟರ್ ಏರುತ್ತಿದ್ದರೆ ಫ್ರೇಮ್ ಕಾರ್ಡಿಗೆ ಬರುವಾಗಲೇ ಕೆಟ್ಟಿದೆ. ಕೇಬಲ್, ಕನೆಕ್ಟರ್, ಫೈಬರ್ ಆದರೆ ಮಾಡ್ಯೂಲ್, ಸ್ವಿಚ್ ಪೋರ್ಟ್ ಬದಲಾಯಿಸಿ ನೋಡಿ. ಸಾಫ್ಟ್‌ವೇರ್ ಕಡೆ ಕೈ ಹಾಕಬೇಡಿ. ವೇಗ ಮತ್ತು ಡ್ಯೂಪ್ಲೆಕ್ಸ್ (ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಕಳಿಸಬಹುದಾ ಅನ್ನುವುದು) ಕೂಡ ಇಲ್ಲೇ ನೋಡಿ. 1 ಗಿಗಾಬಿಟ್ ಓಡಬೇಕಾದ ತಾಮ್ರದ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ: ಗಿಗಾಬಿಟ್‌ಗೆ 4 ಜೋಡಿ ತಂತಿಯೂ ಬೇಕು, 100ಕ್ಕೆ 2 ಜೋಡಿ ಸಾಕು. ಯಾರೋ ಒಂದು ತುದಿಯಲ್ಲಿ 100 ಫುಲ್ ಅಂತ ಬಲವಂತವಾಗಿ ಕೂರಿಸಿ, ಇನ್ನೊಂದು ತುದಿಯನ್ನು ಆಟೋಗೆ ಬಿಟ್ಟಿದ್ದರೆ ಆಟೋ ತುದಿ ಹಾಫ್ ಡ್ಯೂಪ್ಲೆಕ್ಸ್‌ಗೆ ಬೀಳುತ್ತದೆ. ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಕಳಿಸಿದರೆ ತೆವಳುತ್ತದೆ. ಹಳೇ ರೋಗ, ಇನ್ನೂ ಸತ್ತಿಲ್ಲ.

ಎರಡನೇ ಹಂತ ರಿಂಗ್. ಜಾಸ್ತಿ ನಷ್ಟ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಬಂದ ಫ್ರೇಮ್‌ಗಳನ್ನು ಕಾರ್ಡ್ ನೇರವಾಗಿ ಮೆಮೊರಿಯಲ್ಲಿರುವ ರಿಂಗ್‌ಗೆ ಹಾಕುತ್ತದೆ. ಕರ್ನಲ್ ಬಂದು ಎತ್ತಿಕೊಂಡು ಜಾಗ ಖಾಲಿ ಮಾಡಬೇಕು. ರಿಂಗ್‌ನಲ್ಲಿ 256 ಜಾಗ ಇದೆ ಅಂದುಕೊಳ್ಳಿ. ಇದು ಎಷ್ಟು ಹೊತ್ತು ತಡೆಯುತ್ತದೆ?

ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್. ಅದರ ಮುಂದೆ 8 ಬೈಟ್ ಪ್ರಿಯಾಂಬಲ್, ಹಿಂದೆ 12 ಬೈಟ್‌ನಷ್ಟು ಖಾಲಿ ಜಾಗ. ಒಟ್ಟು 84 ಬೈಟ್, ಅಂದರೆ 672 ಬಿಟ್. 1 ಗಿಗಾಬಿಟ್ ವೇಗದಲ್ಲಿ 672 ನ್ಯಾನೋಸೆಕೆಂಡಿಗೆ ಒಂದು ಫ್ರೇಮ್, ಸೆಕೆಂಡಿಗೆ ಸುಮಾರು 14.88 ಲಕ್ಷ. ಈ ಲೆಕ್ಕದಲ್ಲಿ 256 ಜಾಗ ತುಂಬಲು ಬೇಕಾಗುವುದು 172 ಮೈಕ್ರೋಸೆಕೆಂಡ್. ಫ್ರೇಮ್‌ಗಳೆಲ್ಲ ಪೂರ್ತಿ ಗಾತ್ರದ್ದಾಗಿದ್ದರೆ ಒಂದೊಂದಕ್ಕೆ 12.3 ಮೈಕ್ರೋಸೆಕೆಂಡ್, ಆಗ 3 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. 10 ಗಿಗಾಬಿಟ್ ಆದರೆ ಎಲ್ಲವನ್ನೂ ಹತ್ತರಿಂದ ಭಾಗಿಸಿ. ಅಷ್ಟು ಹೊತ್ತು ಸಿಪಿಯು ಬೇರೆ ಕಡೆ ತಿರುಗಿದರೆ ಸಾಕು, ಮುಂದಿನ ಫ್ರೇಮ್‌ಗೆ ಜಾಗವಿಲ್ಲ.

ಅದಕ್ಕೇ ‘ಗ್ರಾಫ್‌ನಲ್ಲಿ ಲಿಂಕ್ ಶೇ. 30 ಮಾತ್ರ ತುಂಬಿದೆ, ಡ್ರಾಪ್ ಹೇಗೆ ಸಾಧ್ಯ’ ಅನ್ನುವ ವಾದ ನಿಲ್ಲುವುದಿಲ್ಲ. ಗ್ರಾಫ್ ತೋರಿಸುವುದು ಐದು ನಿಮಿಷದ ಸರಾಸರಿ. ರಿಂಗ್ ತುಂಬುವುದು ಮಿಲಿಸೆಕೆಂಡ್‌ಗಳ ಆಟ.

ರಿಂಗ್ ತುಂಬಿ ಬಿದ್ದವು ಇಥ್‌ಟೂಲ್‌ನಲ್ಲಿ ‘ಮಿಸ್ಡ್’, ‘ನೋ ಬಫರ್’, ‘ಫೈಫೋ’ ಥರದ ಹೆಸರಿನಲ್ಲಿ ಕಾಣುತ್ತವೆ. ಡ್ರೈವರಿನಿಂದ ಡ್ರೈವರಿಗೆ ಹೆಸರು ಬೇರೆ. ಚಿಕ್ಕ ‘ಜಿ’ ಕೊಟ್ಟು ಈಗಿನ ಗಾತ್ರ, ಗರಿಷ್ಠ ಗಾತ್ರ ಎರಡನ್ನೂ ನೋಡಿ, ದೊಡ್ಡ ‘ಜಿ’ ಕೊಟ್ಟು ಏರಿಸಿ. ಹಲವು ಕಾರ್ಡ್‌ಗಳಲ್ಲಿ ಆ ಕ್ಷಣ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ, ಹಾಗಾಗಿ ಜನ ಇಲ್ಲದ ಹೊತ್ತು ನೋಡಿ ಮಾಡಿ. ಏರಿಸಿದರೆ ಪುಟ್ಟ ಅಲೆಗಳನ್ನು ತಡೆಯಬಹುದು. ಸಿಪಿಯು ಸದಾ ಹಿಂದೆ ಬೀಳುತ್ತಿದ್ದರೆ ರಿಂಗ್ 4096 ಮಾಡಿದರೂ ಅದು ತುಂಬುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಸಿಪಿಯು ಹಿಂದೆ ಬೀಳುತ್ತಿದೆಯಾ ಅಂತ ನೋಡಲು ‘ಸಾಫ್ಟ್‌ನೆಟ್ ಸ್ಟ್ಯಾಟ್’. ಇದರಲ್ಲಿ ಒಂದು ಸಿಪಿಯುಗೆ ಒಂದು ಸಾಲು, ಸಂಖ್ಯೆಗಳೆಲ್ಲ ಹೆಕ್ಸ್‌ನಲ್ಲಿ. ಮೊದಲ ಕಾಲಂ ಸಂಸ್ಕರಿಸಿದ ಪ್ಯಾಕೆಟ್, ಎರಡನೆಯದು ಬಿದ್ದದ್ದು, ಮೂರನೆಯದು ‘ಟೈಮ್ ಸ್ಕ್ವೀಜ್’. ಎರಡನೇ ಕಾಲಂ 00000000, ಮೂರನೆಯದು 00000312 ಇದ್ದರೆ ದಶಮಾಂಶದಲ್ಲಿ 786 ಸಲ ಕೆಲಸ ಬಾಕಿ ಇರುವಾಗಲೇ ಸಮಯ ಮುಗಿದಿದೆ ಅಂತ ಅರ್ಥ. ಒಂದು ಸುತ್ತಿಗೆ ಸಾಮಾನ್ಯ ಮಿತಿ 300 ಪ್ಯಾಕೆಟ್. ಅದು, ಅಥವಾ ಸಮಯದ ಮಿತಿ, ಯಾವುದು ಮೊದಲು ಬರುತ್ತದೋ ಅದು. ಇದು ನಷ್ಟ ಅಲ್ಲ, ಒತ್ತಡದ ಸೂಚನೆ. ಆದರೆ ಇದು ಏರುವ ಹೊತ್ತಲ್ಲೇ ಕಾರ್ಡಿನ ‘ಮಿಸ್ಡ್’ ಕೂಡ ಏರುತ್ತಿದ್ದರೆ ಎರಡನ್ನೂ ಜೋಡಿಸಬಹುದು.

ಎರಡನೇ ಕಾಲಂ ಏರಿದಾಗ ಎಲ್ಲರೂ ಹೇಳುವ ಮದ್ದು ‘ನೆಟ್‌ಡೆವ್ ಮ್ಯಾಕ್ಸ್ ಬ್ಯಾಕ್‌ಲಾಗ್’ ಏರಿಸಿ ಅಂತ. ಮೊದಲಿನ ಬೆಲೆ 1000. ಆ ಬ್ಯಾಕ್‌ಲಾಗ್ ಬಳಕೆಯಾಗುವುದು ಆರ್‌ಪಿಎಸ್ (ಪ್ಯಾಕೆಟ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಸಿಪಿಯುಗಳಿಗೆ ಹಂಚುವ ವ್ಯವಸ್ಥೆ) ಆನ್ ಇದ್ದಾಗ, ಅಥವಾ ಕಂಟೇನರ್‌ಗಳ ‘ವೆತ್’ ಥರದ ವರ್ಚುವಲ್ ಇಂಟರ್‌ಫೇಸ್‌ಗಳಲ್ಲಿ. ಮಾಮೂಲಿ ಭೌತಿಕ ಕಾರ್ಡಿನ ಪ್ಯಾಕೆಟ್‌ಗಳು ಆರ್‌ಪಿಎಸ್ ಇಲ್ಲದಿದ್ದರೆ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಎರಡನೇ ಕಾಲಂ ಸೊನ್ನೆ ಇರುವಾಗ ಈ ಬೆಲೆಯನ್ನು ಲಕ್ಷಕ್ಕೆ ಏರಿಸಿಟ್ಟ ಸರ್ವರ್‌ಗಳು ಎಷ್ಟೋ ಇವೆ. ತೊಂದರೆಯೇನೂ ಇಲ್ಲ, ಉಪಯೋಗವೂ ಇಲ್ಲ.

ಅದರ ಬದಲು ‘ಇಂಟರಪ್ಟ್ಸ್’ ಫೈಲ್‌ಗೆ ಮತ್ತೆ ಹೋಗಿ. ಕಾರ್ಡಿನ ಎಲ್ಲ ಕ್ಯೂಗಳೂ ಒಂದೇ ಸಿಪಿಯು ಮೇಲೆ ಬಿದ್ದಿವೆಯಾ? ‘ಟಾಪ್’ನಲ್ಲಿ ಒಂದೇ ಒಂದು ‘ಕೆಸಾಫ್ಟ್‌ಐಆರ್‌ಕ್ಯುಡಿ’ (ಪ್ಯಾಕೆಟ್‌ನ ಬಾಕಿ ಕೆಲಸ ಮಾಡುವ ಕರ್ನಲ್ ಥ್ರೆಡ್) ಶೇ. 100 ಮುಟ್ಟಿ ಉಳಿದವು ಮಲಗಿವೆಯಾ? ಹಾಗಿದ್ದರೆ ಕ್ಯೂಗಳನ್ನು ಹಂಚಿ. ಇಲ್ಲೊಂದು ಮಿತಿ ಇದೆ. ಕಾರ್ಡ್ ಪ್ಯಾಕೆಟ್ ಹಂಚುವುದು ಐಪಿ ವಿಳಾಸ, ಪೋರ್ಟ್‌ಗಳ ಹ್ಯಾಶ್ ಮೇಲೆ. ಒಂದೇ ಟನೆಲ್ ಒಳಗೆ ಎಲ್ಲ ಟ್ರಾಫಿಕ್ ತುರುಕಿದ್ದರೆ ಹೊರಗಿನಿಂದ ಅದು ಒಂದೇ ಫ್ಲೋ ಥರ ಕಾಣಬಹುದು. ಆಗ 16 ಕ್ಯೂ ಇದ್ದರೂ ಬಳಕೆಯಾಗುವುದು ಒಂದೇ.

ಮೂರನೇ ಹಂತಕ್ಕೆ ಹೋಗುವ ಮುಂಚೆ ಒಂದು ಸುಳ್ಳು ದೂರನ್ನು ಬಗೆಹರಿಸಬೇಕು. ‘ಐಪಿ’ ಕಮಾಂಡ್ ತೋರಿಸುವ ಸ್ವೀಕಾರದ ‘ಡ್ರಾಪ್ಡ್’ ಸಂಖ್ಯೆ ನಿಧಾನವಾಗಿ, ಒಂದೇ ಲಯದಲ್ಲಿ ಏರುತ್ತಿದೆ. ಯಾರಿಗೂ ತೊಂದರೆ ಇಲ್ಲ, ಆದರೆ ಮಾನಿಟರಿಂಗ್ ಕೂಗುತ್ತಿದೆ. 2.6.37 ಕರ್ನಲ್‌ನಿಂದ ಈಚೆಗೆ, ಈ ಮೆಷಿನ್‌ಗೆ ಗೊತ್ತಿಲ್ಲದ ಪ್ರೊಟೋಕಾಲ್‌ನ ಫ್ರೇಮ್‌ಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಸ್ವಿಚ್ ಆಗಾಗ ಎಲ್ಲರಿಗೂ ಕಳಿಸುವ ಎಲ್‌ಎಲ್‌ಡಿಪಿ ಥರದವು. ಪರೀಕ್ಷೆ ಸುಲಭ: ಆ ಇಂಟರ್‌ಫೇಸ್ ಮೇಲೆ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ. ಓಡುತ್ತಿರುವಷ್ಟು ಹೊತ್ತು ಡ್ರಾಪ್ ಏರುವುದು ನಿಂತು, ನಿಲ್ಲಿಸಿದ ಮೇಲೆ ಮತ್ತೆ ಏರಿದರೆ ಅದು ಇಂಥದ್ದೇ. ಟಿಸಿಪಿಡಂಪ್ ಎಲ್ಲ ಫ್ರೇಮ್‌ಗಳನ್ನೂ ಕೇಳಿ ಪಡೆಯುವುದರಿಂದ ‘ಕೇಳುವವರಿಲ್ಲ’ ಅಂತ ಬಿಸಾಡುವ ಪ್ರಸಂಗ ಬರುವುದಿಲ್ಲ. ಆ ಎಚ್ಚರಿಕೆಯನ್ನು ಮರೆತುಬಿಡಿ.

ಟಿಸಿಪಿಡಂಪ್ ಎಲ್ಲಿ ನಿಂತು ನೋಡುತ್ತದೆ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಒಳಬರುವ ದಾರಿಯಲ್ಲಿ ಅದು ಡ್ರೈವರಿನ ನಂತರ, ಫೈರ್‌ವಾಲ್‌ಗಿಂತ ಮುಂಚೆ ಇದೆ. ಪ್ಯಾಕೆಟ್ ಅಲ್ಲಿ ಕಂಡಿತು, ಅಪ್ಲಿಕೇಶನ್‌ಗೆ ಬರಲಿಲ್ಲ ಅಂದರೆ ಕಾರ್ಡ್, ಕೇಬಲ್, ಡ್ರೈವರ್ ಮೂವರೂ ನಿರಪರಾಧಿಗಳು. ಅಲ್ಲೇ ಕಾಣಲಿಲ್ಲ ಅಂದರೆ ಕಾರ್ಡಿನ ಕೌಂಟರ್‌ಗೆ ವಾಪಸ್ ಹೋಗಿ. ಎಕ್ಸ್‌ಡಿಪಿ (ಒಳಬರುವ ದಾರಿಯ ಶುರುವಿನಲ್ಲೇ ಪ್ಯಾಕೆಟ್ ತಡೆದು ನೋಡುವ) ಪ್ರೋಗ್ರಾಂ ಹಾಕಿದ್ದರೆ ಅದು ಟಿಸಿಪಿಡಂಪ್‌ಗೂ ಮುಂಚೆಯೇ ಬಿಸಾಡಬಲ್ಲದು, ಅದನ್ನೂ ನೋಡಿ. ಹೊರಹೋಗುವ ಕಡೆ ಉಲ್ಟಾ: ಟಿಸಿಪಿಡಂಪ್‌ನಲ್ಲಿ ಕಂಡರೂ ಅದು ತಂತಿ ಮುಟ್ಟಿದೆ ಅಂತ ಖಾತ್ರಿ ಇಲ್ಲ. ಅಲ್ಲಿ 1500ಕ್ಕಿಂತ ಎಷ್ಟೋ ದೊಡ್ಡ ಪ್ಯಾಕೆಟ್‌ಗಳು, ‘ಚೆಕ್‌ಸಮ್ ಇನ್‌ಕರೆಕ್ಟ್’ ಎಲ್ಲ ಕಾಣುವುದು ಮಾಮೂಲು. ಕತ್ತರಿಸುವ ಕೆಲಸ, ಚೆಕ್‌ಸಮ್ ಕೆಲಸ ಕಾರ್ಡ್‌ಗೆ ವಹಿಸಿದ್ದು, ಅದು ಇನ್ನೂ ನಡೆದಿಲ್ಲ. ಅದನ್ನು ನೋಡಿ ಡ್ರೈವರ್ ಕೆಟ್ಟಿದೆ ಅನ್ನಬೇಡಿ.

ಮೂರನೇ ಹಂತ ಕರ್ನಲ್ ಒಳಗಿನ ದಾರಿ. ಕಾರ್ಡ್ ದಾಟಿದ ಮೇಲೆ ಬೀಳುವ ಪ್ಯಾಕೆಟ್‌ಗಳಿಗೆ ಮಾಮೂಲಿ ಕಾರಣಗಳು ಕೆಲವೇ. ಸಂಪರ್ಕಗಳ ಲೆಕ್ಕ ಇಡುವ ಪಟ್ಟಿ ತುಂಬಿ ‘ಕಾನ್‌ಟ್ರ್ಯಾಕ್ ಟೇಬಲ್ ಫುಲ್’ ಆದರೆ ಡಿಮೆಸೇಜ್‌ನಲ್ಲಿ ಬರುತ್ತದೆ. ಎರಡು ಕಾರ್ಡ್ ಇರುವ ಮೆಷಿನ್‌ನಲ್ಲಿ ಒಂದರಿಂದ ಬಂದ ಪ್ಯಾಕೆಟ್‌ಗೆ ಉತ್ತರ ಇನ್ನೊಂದರಿಂದ ಹೋಗುವಂತೆ ರೂಟ್ ಇದ್ದರೆ ‘ಆರ್‌ಪಿ ಫಿಲ್ಟರ್’ ಸದ್ದಿಲ್ಲದೆ ಬಿಸಾಡಬಹುದು. ಕರ್ನಲ್‌ನ ನೆಟ್‌ವರ್ಕ್ ಕೌಂಟರ್ ತೋರಿಸುವ ಎನ್‌ಸ್ಟ್ಯಾಟ್‌ನಲ್ಲಿ ‘ರಿವರ್ಸ್ ಪಾತ್ ಫಿಲ್ಟರ್’ ಸಾಲು ನೋಡಿ. ಯುಡಿಪಿ ಆದರೆ ‘ಆರ್‌ಸಿವಿ ಬಫ್ ಎರರ್ಸ್’ ಮೊದಲು ನೋಡಬೇಕಾದ್ದು. ಅದು ಏರಿದರೆ ಸಾಕೆಟ್ ಬಫರ್ ತುಂಬಿದೆ, ಅಪ್ಲಿಕೇಶನ್ ಓದುವುದರಲ್ಲಿ ಹಿಂದೆ ಬಿದ್ದಿದೆ. ಯಾವ ಸಾಕೆಟ್ ಅಂತ ‘ಎಸ್‌ಎಸ್’ ಕಮಾಂಡ್ ಮೆಮೊರಿ ವಿವರದ ಕೊನೆಯಲ್ಲಿ ‘ಡಿ’ ಅಕ್ಷರದ ಪಕ್ಕ ಹೇಳುತ್ತದೆ.

ಇದ್ಯಾವುದೂ ಸಿಗದಿದ್ದರೆ ಕರ್ನಲ್ ಅನ್ನೇ ಕೇಳಿ. ಪ್ಯಾಕೆಟ್ ಬಿಸಾಡುವಾಗ ಕರ್ನಲ್ ‘ಕೆಫ್ರೀ ಎಸ್‌ಕೆಬಿ’ ಅನ್ನುವ ಟ್ರೇಸ್‌ಪಾಯಿಂಟ್ ದಾಟುತ್ತದೆ. ‘ಪರ್ಫ್’ ಅಥವಾ ‘ಡ್ರಾಪ್‌ವಾಚ್’ ಅದನ್ನು ಹಿಡಿಯುತ್ತವೆ. 5.17 ಕರ್ನಲ್‌ನಿಂದ ಅದಕ್ಕೆ ಕಾರಣವೂ ಸೇರಿಕೊಂಡಿದೆ: ‘ನೋ ಸಾಕೆಟ್’, ‘ನೆಟ್‌ಫಿಲ್ಟರ್ ಡ್ರಾಪ್’, ‘ಸಾಕೆಟ್ ಆರ್‌ಸಿವಿಬಫ್’ ಅಂತ ನೇರವಾಗಿ ಬರೆದಿರುತ್ತದೆ. ಹಳೇ ಕರ್ನಲ್‌ಗಳಲ್ಲಿ ಫಂಕ್ಷನ್ ಹೆಸರು ನೋಡಿ ಊಹಿಸಬೇಕು.

ಚಿಕ್ಕ ಪಿಂಗ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಅನ್ನುವವರು ಡ್ರೈವರ್ ಬಿಟ್ಟು ಎಂಟಿಯು (ತುಂಡಾಗದೆ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ನೋಡಿ. ಪಿಂಗ್‌ನಲ್ಲಿ ತುಂಡು ಮಾಡಬೇಡ ಅಂತ ಹೇಳಿ 1472 ಬೈಟ್ ಕಳಿಸಿ. 28 ಬೈಟ್ ಹೆಡರ್ ಸೇರಿದರೆ 1500. ಅದು ಹೋಗದೆ 1400 ಹೋದರೆ ದಾರಿಯಲ್ಲೆಲ್ಲೋ ಕಿರಿದಾದ ಲಿಂಕ್ ಇದೆ.

ವರ್ಚುವಲ್ ಮೆಷಿನ್ ಒಳಗೆ ಎಲ್ಲ ಕೌಂಟರ್ ಸೊನ್ನೆ ಇದ್ದೂ ನಷ್ಟ ಕಾಣುತ್ತಿದ್ದರೆ ಹೋಸ್ಟ್ ಮೇಲೆ ಆ ಮೆಷಿನ್‌ನ ‘ಟ್ಯಾಪ್’ ಇಂಟರ್‌ಫೇಸ್ ನೋಡಿ. ಹೋಸ್ಟ್‌ನ ಕಡೆಯಿಂದ ಅದು ಕಳಿಸುವ ಡ್ರಾಪ್ ಆಗಿ ಕಾಣುತ್ತದೆ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ.

ತಪ್ಪು ಡ್ರೈವರಿನದ್ದೇ ಅಂತ ಖಾತ್ರಿಯಾದಾಗ

ಹಿಂದಿನ ಕರ್ನಲ್‌ನಲ್ಲಿ ಬೂಟ್ ಮಾಡಿ ಅದೇ ಲೋಡ್ ಕೊಡಿ. ಹಳೆಯದರಲ್ಲಿ ಸರಿ ಇದ್ದು ಹೊಸದರಲ್ಲಿ ಕೆಟ್ಟರೆ ಅದು ರಿಗ್ರೆಶನ್. ಇಂಥ ದೂರಿಗೆ ಕರ್ನಲ್ ಜನ ಬೇಗ ಕಿವಿಗೊಡುತ್ತಾರೆ. ಎರಡು ಮುಖ್ಯ ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆ ಇರುತ್ತದೆ. ಆದರೆ ‘ಗಿಟ್ ಬೈಸೆಕ್ಟ್’ ಪ್ರತಿ ಸಲ ಅರ್ಧ ಮಾಡುತ್ತಾ ಹೋಗುವುದರಿಂದ ಸುಮಾರು 14 ಸಲ ಕಟ್ಟಿ ನೋಡಿದರೆ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಹುಡುಕಾಟವನ್ನು ಆ ಡ್ರೈವರಿನ ಡೈರೆಕ್ಟರಿಗೇ ಸೀಮಿತ ಮಾಡಿದರೆ ಇನ್ನೂ ಕಡಿಮೆ, ಆದರೆ ತಪ್ಪು ಪಿಸಿಐ ಕೋಡ್‌ನಲ್ಲಿದ್ದರೆ ಕೈತಪ್ಪಿ ಹೋಗುತ್ತದೆ. ಸಮಯ ಇದ್ದರೆ ಪೂರ್ತಿ ಮಾಡುವುದೇ ವಾಸಿ.

ದೂರು ಬರೆಯುವಾಗ ಹೊರಗಿನ ಮಾಡ್ಯೂಲ್ ತೆಗೆದು, ಟೇಂಟ್ ಇಲ್ಲದ ಕರ್ನಲ್‌ನಲ್ಲಿ ಸಮಸ್ಯೆ ಮರುಕಳಿಸಿ ತೋರಿಸಿ. ಮೊದಲ ಊಪ್ಸ್ ಪೂರ್ತಿ ಹಾಕಿ, ‘ಕಟ್ ಹಿಯರ್’ ಸಾಲು ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಮೊದಲ ಸಾಲಿನಿಂದ ಕೊನೆಯವರೆಗೆ. ಕತ್ತರಿಸಿದ ಸ್ಕ್ರೀನ್‌ಶಾಟ್ ಬೇಡ. ಚಿಪ್‌ನ ಗುರುತು, ಫರ್ಮ್‌ವೇರ್ ಆವೃತ್ತಿ, ಎಂಥ ಲೋಡ್‌ನಲ್ಲಿ ಎಷ್ಟು ಹೊತ್ತಿಗೆ ಬೀಳುತ್ತದೆ, ಯಾವ ಆಫ್‌ಲೋಡ್ ತೆಗೆದರೆ ನಿಲ್ಲುತ್ತದೆ ಅಂತ ಬರೆಯಿರಿ. ಯಾರಿಗೆ ಕಳಿಸಬೇಕು ಅನ್ನುವುದು ಕರ್ನಲ್ ಸೋರ್ಸ್‌ನ ‘ಮೇಂಟೇನರ್ಸ್’ ಫೈಲ್‌ನಲ್ಲಿ ಡ್ರೈವರಿನ ಹೆಸರಿನ ಕೆಳಗೇ ಇದೆ.

ತಿದ್ದಿದ ಡ್ರೈವರ್ ಬಂದ ಮೇಲೆ, ಹುಡುಕುವಾಗ ಆಫ್ ಮಾಡಿದ್ದ ಟಿಎಸ್‌ಒ, ಎಎಸ್‌ಪಿಎಂ, ಇಇಇಗಳನ್ನು ಒಂದೊಂದಾಗಿ ಮತ್ತೆ ಆನ್ ಮಾಡಿ. ಮಾಡಿದ ಪ್ರತಿ ಸಲವೂ ಮೊದಲಿನಷ್ಟೇ ಲೋಡ್ ಕೊಟ್ಟು, ‘ಟಿಎಕ್ಸ್ ಟೈಮ್‌ಔಟ್’ ಮತ್ತು ‘ಮಿಸ್ಡ್’ ಕೌಂಟರ್‌ಗಳ ವ್ಯತ್ಯಾಸ ನೋಡಿ. ವಾರಕ್ಕೊಮ್ಮೆ ಬರುತ್ತಿದ್ದ ತೊಂದರೆ ಎರಡು ದಿನ ಬರಲಿಲ್ಲ ಅಂತ ಟಿಕೆಟ್ ಮುಚ್ಚಬೇಡಿ, ಮೂರು ವಾರವಾದರೂ ಬಿಡಿ.